ನೂರ ಹದಿನಾಲ್ಕನೇ ಕಾರ್ಡು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದ ಮೇಷ್ಟ್ರು ನಾನು. ರಿಟೈರಾದ ಮೇಲೆ ಚಾಮರಾಜಪೇಟೆಯ ಮನೆಯ ಮುಂದಿನ ಕೋಣೆಯನ್ನೇ ಮ್ಯೂಸಿಯಂ ಮಾಡಿ, ನೋಡಲು ಬಂದವರಿಗೆಲ್ಲ ರೇಗುತ್ತಿದ್ದೆ.

"ಲಂಡನ್ನಿನಲ್ಲಿ ಸಾವಿರಾರು ವರ್ಷದ ಹೆಣವನ್ನೂ ಗಾಜಿನೊಳಗೆ ಜೋಪಾನ ಮಾಡ್ತಾರೆ. ಜಪಾನಿನಲ್ಲಿ ಒಂದು ಗುಡಿನ ಇಪ್ಪತ್ತು ವರ್ಷಕ್ಕೊಂದ್ಸಲ ಬಿಚ್ಚಿ, ಅದೇ ಅಳತೆಗೆ ಹೊಸದು ಕಟ್ತಾರೆ. ನಾವೋ, ಮುರಿದದ್ದನ್ನ ಅಶ್ವತ್ಥಕಟ್ಟೆ ಮೇಲಿಟ್ಟು ತಿರುಗಿ ನೋಡದೆ ಬಂದ್ಬಿಡ್ತೀವಿ. ಚರಿತ್ರೆ ಎಲ್ಲಿಂದ ಉಳೀಬೇಕು?"

ನಮ್ಮ ಬೀದಿಯ ಕಟ್ಟೆಯಿಂದ ಅಂಥದ್ದನ್ನೆಲ್ಲ ಆರಿಸಿ ತರುವವನು ನಾನೊಬ್ಬನೇ. ತೊಂಬತ್ತೆಂಟರ ಬೇಸಿಗೆಯಲ್ಲಿ ತೋಳು ಮುರಿದ ಮರದ ಗೊಂಬೆಯೊಂದು ಸಿಕ್ಕಿತು. ಫೋಟೊ ತೆಗೆದು ಕಾರ್ಡಿಗೆ ಅಂಟಿಸಿದೆ. ಗೊಂಬೆಯ ಪಾದದಡಿ ಆ ಕಾರ್ಡಿನ ನಂಬರನ್ನೇ, ೧೧೪ ಎಂದು ಬರೆದೆ. ನೂರು ವರ್ಷವಾದರೂ ಅಳಿಸದ ಶಾಯಿ, ಹುಡುಕಿ ತರಿಸಿದ್ದು.

ವಾರದೊಳಗೆ ಅಂಜನಮ್ಮ ಬಂದಳು. ಪಕ್ಕದ ಬೀದಿಯವಳು, ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುತ್ತಾಳೆ.

"ಮೇಷ್ಟ್ರೇ, ಆ ಗೊಂಬೆ ನನ್ ಮಗಳು ಬಿಂದುಶ್ರೀದು. ಹೋದ ವರ್ಷ ಜ್ವರದಲ್ಲಿ ತೀರ್ಕೊಂಡ್ಲು. ಸತ್ಮೇಲೂ ದಿನಾ ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತ್ಕೊಳ್ಳೋಳು. ಗೊಂಬೆ ಕಟ್ಟೆಗಿಟ್ಮೇಲೆ ಬರೋದು ನಿಂತಿತ್ತು. ನೀವು ಎತ್ಕೊಂಡ್ ಬಂದ್ಮೇಲೆ ಮತ್ತೆ ಬರ್ತಿದಾಳೆ. ಕೊಟ್ಬಿಡಿ, ನೀರಿಗೆ ಬಿಡ್ತೀನಿ. ಮಗು ಹೋಗ್ಲಿ."

ನಂಬಲಿಲ್ಲ. ಆದರೂ ಹೆತ್ತವಳ ಮುಖ ನೋಡಿ ಕೊಟ್ಟೆ. ಕಾರ್ಡು ಮಾತ್ರ ಡ್ರಾಯರಿನಲ್ಲೇ ಉಳಿಯಿತು. ವಸ್ತು ಹೋದರೂ ದಾಖಲೆ ಇರಬೇಕು, ಅದು ನನ್ನ ಪದ್ಧತಿ.

ಮೂರನೇ ದಿನ ಮತ್ತೆ ಬಂದಳು. "ನೀರಿಗೆ ಬಿಟ್ಟೆ ಮೇಷ್ಟ್ರೇ. ಆದ್ರೂ ಬರ್ತಾಳೆ. ನಿಮ್ಮತ್ರ ಅದರದ್ದು ಇನ್ನೇನಾದ್ರೂ ಇದೆಯಾ?"

"ಏನೂ ಇಲ್ಲಮ್ಮ," ಎಂದುಬಿಟ್ಟೆ. ಒಂದು ಕಾರ್ಡಿಗಾಗಿ ಆ ತಾಯಿಗೆ ಸುಳ್ಳು ಹೇಳಿದೆನಲ್ಲ, ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಡ್ರಾಯರ್ ತೆಗೆಯಲಿಲ್ಲ.

ಮರುದಿನ ಮಧ್ಯಾಹ್ನ ಊಟ ಮಾಡುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಹೆಂಡತಿ ರಂಗನಾಯಕಿ ಎದ್ದು ಹೋದಳು. ಅವಳಿಗೆ ನಾನು ಗೊಂಬೆಯ ವಿಷಯ ಹೇಳಿರಲೇ ಇಲ್ಲ.

"ರೀ, ಯಾವುದೋ ಹೆಣ್ಣುಮಗು ಬಂದಿದೆ," ಎಂದು ಅಲ್ಲಿಂದಲೇ ಕೂಗಿದಳು. "ಮೈಯೆಲ್ಲ ಒದ್ದೆ. ಕಾಲೆತ್ತಿ ತೋರಿಸ್ತಿದೆ ನೋಡಿ, ಪಾದದಡಿ ಯಾರೋ ನೂರ ಹದಿನಾಲ್ಕು ಅಂತ ಬರ್ದಿದಾರೆ. ಅಳಿಸಿದ್ರೆ ಹೋಗ್ತೀನಿ ಅಂತಿದೆ."

ಎಂಜಲು ಕೈಯಲ್ಲೇ ಓಡಿ ಡ್ರಾಯರ್ ಎಳೆದು ಕಾರ್ಡನ್ನು ಚೂರು ಚೂರು ಹರಿದೆ.

"ಅಯ್ಯೋ, ಎಷ್ಟು ಉಜ್ಜಿದ್ರೂ ಹೋಗ್ತಾ ಇಲ್ವಲ್ಲ ರೀ," ಎಂದಳು ರಂಗನಾಯಕಿ ಬಾಗಿಲಿನಿಂದ.