ಮಗ್ಗುಲು

ಹೊದಿಕೆ ಸರಿಸಿದಾಗ ಜೀವೀಬಾಳ ಸೊಂಟದ ಕೆಳಗೆ ರೂಪಾಯಿಯಗಲದ ಕೆಂಪು ಕಂಡಿತು. ಇಂದುಮತಿ ಹೆಬ್ಬೆರಳಿಂದ ಒತ್ತಿ ನೋಡಿದಳು. ಬೆರಳು ತೆಗೆದರೂ ಕೆಂಪು ಹಾಗೇ ಇತ್ತು. ಈಗಲೇ ಒರೆಸಿ ಒಣಗಿಸಿ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದರೆ ನಾಲ್ಕು ದಿನದಲ್ಲಿ ಮಾಯುವಂಥದ್ದು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿಯುವಾಗ ಮೊದಲ ವಾರವೇ ಹೇಳಿಕೊಟ್ಟಿದ್ದರು. ಅವಳು ಹೊದಿಕೆಯನ್ನು ಎಳೆದು ಮುಚ್ಚಿದಳು.

ಟ್ರಸ್ಟಿಗಳು ತಪಾಸಣೆಗೆ ಬರುವುದಕ್ಕೆ ಇನ್ನು ಒಂಬತ್ತು ದಿನವಿತ್ತು.

ಮಣಿನಗರದ ಸ್ಟೇಶನ್ನಿನಾಚೆ ಟ್ರಸ್ಟೊಂದು ಮುದುಕರಿಗಾಗಿ ನಡೆಸುತ್ತಿದ್ದ ಈ ನರ್ಸಿಂಗ್ ಹೋಮಿಗೆ ಅವಳು ಸೇರಿ ಎರಡು ತಿಂಗಳಾಗಿತ್ತು. ಸಂಬಳಕ್ಕಾಗಿ ಸೇರಿದವಳಲ್ಲ. ಹಿಂದಿನ ವರ್ಷ, ಅರವತ್ತಾರರ ಬೇಸಿಗೆಯಲ್ಲಿ, ಅವಳು ವಿಷಮಜ್ವರದಿಂದ ರೈಲ್ವೆ ಆಸ್ಪತ್ರೆಯಲ್ಲಿ ಮಲಗಿದ್ದಾಗ, ತೊಡೆಯ ಎಲುಬು ಮುರಿದುಕೊಂಡಿದ್ದ ಅವಳ ತಾಯಿ ಪದ್ಮಾವತಿಬಾಯಿಯನ್ನು ಇಂದುಮತಿಯ ಗಂಡ ಭೀಮಸೇನ ಇಲ್ಲಿಗೆ ತಂದು ಸೇರಿಸಿದ್ದ. ಹೆಂಗಸರ ವಾರ್ಡಿನೊಳಗೆ ಗಂಡಸರನ್ನು ಬಿಡುತ್ತಿರಲಿಲ್ಲ. ದಿನಾ ಸಂಜೆ ಬಾಗಿಲಲ್ಲಿ ನಿಂತು ವಿಚಾರಿಸಿದರೆ ಸೂಪರಿಂಟೆಂಡೆಂಟ್ ಹಸುಮತಿಬೆನ್ "ಮಜಾಮಾಂ ಛೇ, ಆರಾಮಾಗಿದ್ದಾರೆ" ಎನ್ನುತ್ತಿದ್ದಳು. ಆರನೆಯ ವಾರ ಹೆಣ ಕೊಟ್ಟರು. ಸ್ನಾನ ಮಾಡಿಸಲು ಹೊರಳಿಸಿದಾಗ, ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಇಂದುಮತಿಗೆ ಕಂಡದ್ದು ಮುಷ್ಟಿ ಹಿಡಿಯುವಷ್ಟು ಆಳದ ಹುಣ್ಣು; ತಳದಲ್ಲಿ ಬೆಳ್ಳಗೆ ಎಲುಬು. ಸಾವಿನ ಕಾಗದದಲ್ಲಿ ಮುಪ್ಪು ಎಂದು ಬರೆದಿತ್ತು.

ಹೋಗಿ ಕೇಳಿದ್ದಳು. "ಮಡಿಯ ಹೆಂಗಸು ನಿಮ್ಮ ತಾಯಿ. ಮುಟ್ಟಲೇ ಬಿಡುತ್ತಿರಲಿಲ್ಲ" ಎಂದು ಹಸುಮತಿಬೆನ್ ಚಹಾ ಕುಡಿಯುತ್ತಲೇ ಹೇಳಿದ್ದಳು. ಪುರಾವೆ ಇದ್ದರೆ ತನ್ನಿ ಎಂದಿದ್ದರು ಟ್ರಸ್ಟಿಗಳು. ಆಗ ಇಂದುಮತಿ ಜ್ವರಕ್ಕೆ ತಲೆಗೂದಲೆಲ್ಲ ಉದುರಿ, ಸೆರಗು ಹೊದ್ದ ಕಡ್ಡಿಯಂತಿದ್ದಳು. ವರ್ಷ ಕಳೆದು, ಮೈ ತುಂಬಿಕೊಂಡು ಕೆಲಸ ಕೇಳಿ ಬಂದವಳ ಗುರುತು ಯಾರಿಗೂ ಹತ್ತಲಿಲ್ಲ.

"ಬಾಯಿಲೆ ಹೇಳಿದ್ರ ನಂಬೂದಿಲ್ಲ ಅವರು. ಜೀವೀಬಾನ ಬೆನ್ನು ಕಣ್ಣಿಲೆ ನೋಡಬೇಕು," ಎಂದಳು ಮನೆಯಲ್ಲಿ, ಭೀಮಸೇನನಿಗೆ ಬಡಿಸುತ್ತ.

ಅವನು ತುತ್ತು ಕೈಯಲ್ಲೇ ಹಿಡಿದು ಕೂತ. "ಆ ಮುದುಕಿ ಏನ್ ಮಾಡ್ಯಾಳ ನಿನಗ?"

"ಏನೂ ಮಾಡಿಲ್ಲ. ನಮ್ಮವ್ವಾದ್ರೂ ಏನ್ ಮಾಡಿದ್ಲು?"

ಜೀವೀಬಾ ಸೂರತ್ತಿನವಳು. ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಬಿದ್ದುಹೋಗಿದ್ದವು. ಐದನೆಯ ದಿನ ಕೆಂಪು ಗುಳ್ಳೆಯಾಗಿ ಒಡೆಯಿತು. ಇಂದುಮತಿ ಪಕ್ಕದ ಮಂಚದವಳಿಗೆ ಗಂಜಿ ಕುಡಿಸುತ್ತಿದ್ದಾಗ ಮುದುಕಿ ಕರೆದಳು. "ದೀಕರಿ, ಮಗಳೇ, ಸ್ವಲ್ಪ ಮಗ್ಗುಲು ಹೊರಳಿಸು. ಬೆನ್ನು ಉರಿಯುತ್ತದೆ."

"ಧನಿಬೆನ್ ಬರುತ್ತಾಳೆ," ಎಂದಳು ಇಂದುಮತಿ.

ಆಯಾ ಧನಿಬೆನ್ ಹಸುಮತಿಬೆನ್ನಳ ಅಡಿಗೆಮನೆಯಲ್ಲಿ ರೋಟಿ ಲಟ್ಟಿಸುತ್ತಿದ್ದಳು. ಮಧ್ಯಾಹ್ನದವರೆಗೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದು, ಆಮೇಲೆ ಗೋಡೆಯ ಕಡೆ ಕತ್ತು ತಿರುಗಿಸಿದಳು. ಮತ್ತೆ ಕೇಳಲಿಲ್ಲ. ಇಂದುಮತಿಯ ಚಮಚ ಗಂಜಿಯ ಬಟ್ಟಲಿಗೆ ಎರಡು ಸಲ ಟಣ್ ಎಂದು ತಾಗಿತು.

ಒಂಬತ್ತನೆಯ ದಿನ ಮೂವರು ಟ್ರಸ್ಟಿಗಳು ಬಂದರು. ವಾರ್ಡಿಗೆಲ್ಲ ಗುಲಾಬಿನೀರು ಚಿಮುಕಿಸಿ, ಹಸುಮತಿಬೆನ್ ಮುಂದೆ ಮುಂದೆ ನಡೆದಳು. ಜೀವೀಬಾಳ ಮಂಚದ ಬಳಿ ಇಂದುಮತಿ ಅಡ್ಡ ಬಂದು ಹೊದಿಕೆ ತೆಗೆದು, ಮುದುಕಿಯನ್ನು ಬಲಕ್ಕೆ ಹೊರಳಿಸಿದಳು. ಗುಲಾಬಿನೀರನ್ನು ಮೀರಿ ನಾತ ಎದ್ದಿತು. ಒಬ್ಬರು ಬಾಯಿಗೆ ವಸ್ತ್ರ ಒತ್ತಿಕೊಂಡು ವರಾಂಡಕ್ಕೆ ಓಡಿದರು.

"ಹೋದ ವರ್ಷ ಇದೇ ವಾರ್ಡಿನಲ್ಲಿ ಪದ್ಮಾವತಿಬಾಯಿ ಸತ್ತದ್ದು ಮುಪ್ಪಿನಿಂದಲ್ಲ, ಇದರಿಂದ," ಎಂದಳು. "ನಾನು ಅವಳ ಮಗಳು."

ಹಸುಮತಿಬೆನ್ನಳ ಮುಖದ ಬಣ್ಣ ಇಳಿಯುವುದನ್ನು ಅವಳು ಕಣ್ತುಂಬ ನೋಡಿದಳು. ವರ್ಷವಿಡೀ ಕಾದದ್ದು ಅದಕ್ಕೇ.

"ಎರಡು ತಿಂಗಳಿಂದ ನೀನೂ ಇಲ್ಲೇ ಇದ್ದೆಯಲ್ಲ," ಎಂದಳು ಹಸುಮತಿಬೆನ್ ಮೆಲ್ಲಗೆ. ಟ್ರಸ್ಟಿಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ವಾರವೇ ಹಸುಮತಿಬೆನ್ ಟ್ರಂಕು ಏರಿಸಿಕೊಂಡು ಟಾಂಗಾದಲ್ಲಿ ಹೋದಳು. ತಿರುವಿನಲ್ಲಿ ಮರೆಯಾಗುವ ತನಕ ಇಂದುಮತಿ ಗೇಟಿನಲ್ಲಿ ನಿಂತು ನೋಡಿದಳು. ಆ ಸಂಜೆ, ಕಾಯಿಲೆಯ ನಂತರ ಮೊದಲ ಸಲ, ಮೂರು ಭಕ್ಕರಿ ತಿಂದಳು.

ವಾರ್ಡನ್ನು ಅವಳಿಗೇ ಒಪ್ಪಿಸಿದರು. ಅವಳು ಇಬ್ಬರು ಹೊಸ ಆಯಾಗಳನ್ನು ಕೇಳಿ ಪಡೆದಳು. ಗಂಡಸರಿರಲಿ ಹೆಂಗಸರಿರಲಿ, ಮನೆಯವರು ಮಂಚದ ತನಕ ಬರಬಹುದೆಂದು ನಿಯಮ ಮಾಡಿದಳು. ಎರಡು ತಾಸಿಗೊಮ್ಮೆ ಗಂಟೆ ಹೊಡೆಯತೊಡಗಿತು. ಗಂಟೆ ಬಾರಿಸಿದೊಡನೆ ಆಯಾಗಳು ಸಾಲಾಗಿ ಒಬ್ಬೊಬ್ಬರನ್ನೇ ಹೊರಳಿಸುತ್ತ ಬರುತ್ತಿದ್ದರು.

ಜೀವೀಬಾಳ ಹುಣ್ಣಿಗೆ ತಾನೇ ಪಟ್ಟಿ ಕಟ್ಟಲೆಂದು ಇಂದುಮತಿ ಬಿಸಿನೀರು ತೆಗೆದುಕೊಂಡು ಹೋದಾಗ, ಮುದುಕಿ ಬಲಗೈಯಿಂದ ಮಂಚದ ಸರಳು ಹಿಡಿದುಕೊಂಡಳು.

"ನೀನು ಬೇಡ. ಧನಿ ಬರಲಿ."

"ಅವಳಿಗೆ ಸರಿಯಾಗಿ ಬರುವುದಿಲ್ಲ, ಜೀವೀಬಾ. ನೋವಾಗುತ್ತದೆ."

"ಆಗಲಿ."

ಇಂದುಮತಿ ಬಿಸಿನೀರಿನ ಬೋಗುಣಿಯನ್ನು ನೆಲಕ್ಕಿಟ್ಟಳು. ಮುದುಕಿಯ ಗೆಣ್ಣುಗಳು ಸರಳಿನ ಮೇಲೆ ಬಿಳಿಚಿಕೊಂಡಿದ್ದವು.

ಹುಣ್ಣು ತುಂಬಿ ಬರಲು ನಾಲ್ಕು ತಿಂಗಳು ಹಿಡಿಯಿತು. ದಿನಾ ಬೆಳಿಗ್ಗೆ ಹತ್ತಕ್ಕೆ ಧನಿಬೆನ್ ಮಂಚದ ಸುತ್ತ ಹಸಿರು ಪರದೆ ಎಳೆಯುತ್ತಿದ್ದಳು. ಇಂದುಮತಿ ಹೊರಗೆ ನಿಂತು, ಹೇಗೆ ತೊಳೆಯಬೇಕು, ಎಲ್ಲಿ ಒತ್ತಬಾರದು ಎಂದು ಮೆಲುದನಿಯಲ್ಲಿ ಹೇಳಿಕೊಡುತ್ತಿದ್ದಳು. ಪರದೆಯ ಸಂದಿನಿಂದ ಧನಿಬೆನ್ನಳ ಒದ್ದೆ ಕೈ ಹೊರಗೆ ಚಾಚಿ ಬರುತ್ತಿತ್ತು. ಅವಳು ಹತ್ತಿಯ ಉಂಡೆಯೊಂದನ್ನು ಅದರ ಅಂಗೈಯಲ್ಲಿಟ್ಟು, ಮುಂದಿನದನ್ನು ಹಿಡಿದುಕೊಂಡು ಕಾಯುತ್ತಿದ್ದಳು.