ಎಲ್ಲಾ ಒಂದರಾಗ

ಫಿನೈಲ್ ವಾಸನೆ, ಈಗಷ್ಟೇ ಒರೆಸಿದ ನೆಲದ ಮೇಲೆ ಯಾರದೋ ಚಪ್ಪಲಿಯ ಗುರುತು, ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಹೋಗುತ್ತಿದೆ, ಅಥಣಿಯ ಈ ಆಸ್ಪತ್ರೆಗೆ ನಾನು ಬಂದದ್ದು ಇದೇ ಮೊದಲು — ಚಿಕ್ಕೋಡಿಯ ಆಫೀಸಿನಲ್ಲಿ ಕೂತು ವರ್ಷಗಟ್ಟಲೆ ಇದರ ಸಾಫ್ಟ್‌ವೇರ್ ಬರೆದವಳಿಗೆ ಇದರ ಗೋಡೆ ಹಸಿರೆಂದು ಗೊತ್ತಿರಲಿಲ್ಲ, ಗೊತ್ತಿದ್ದದ್ದು ಬರೀ ಕೋಡು, ಒಂದೇ ಮುದ್ದೆ, ಹೆರಿಗೆ ವಾರ್ಡು ಲ್ಯಾಬು ರಕ್ತನಿಧಿ ಕ್ಯಾಂಟೀನು ಒಂದರೊಳಗೊಂದು ಹೆಣೆದುಕೊಂಡದ್ದು, ಎಲ್ಲಾ ಒಂದರಾಗ ಐತ್ರಿ ಡಾಕ್ಟರ್, ಎಂದು ನಮ್ಮ ಮಾಲೀಕ ಸಂಗ್ರಾಮ ಸರ್ ಹೆಮ್ಮೆಯಿಂದ ಮಾರಿದ್ದು, ರಕ್ತದ್ದಾರ ಬ್ಯಾರೆ ಇಡೂಣ್ರಿ ಸರ್, ಒಂದ್ ಕೆಟ್ರ ಎಲ್ಲಾ ನಿಂದರತಾವು, ಅಂದಿದ್ದೆ, ಒಬ್ರು ಬರದದ್ದು ಇನ್ನೊಬ್ರು ನೋಡಿದ ಮ್ಯಾಲ ಆಸ್ಪತ್ರಿಗೆ ಕಳಸೂಣ್ರಿ, ಅಂದಿದ್ದೆ, ನಡ್ಯಾಕತ್ತಿದ್ದನ್ನ ಯಾಕ ಕೆಡವ್ತೀರಿ ಫಿರದೋಸ, ಹೊತ್ತೆಲ್ಲೈತಿ, ನಕ್ಕರು, ಪಕ್ಕದ ಕುರ್ಚಿಯ ಸುರಜ ಮಾತ್ರ ನನ್ನ ಮಾತಿಗೆ ತಲೆದೂಗಿದ್ದ, ಇವತ್ತು ಬೆಳಿಗ್ಗೆ ಅವನೇ, ಪಾಪ, ಕ್ಯಾಂಟೀನಿನ ಪಟ್ಟಿಗೆ ಸಕ್ಕರೆಯಿಲ್ಲದ ಚಹಾ ಸೇರಿಸಿದ, ಅಷ್ಟೇ, ಫಿರದೋಸಕ್ಕ ಒಮ್ಮಿ ನೋಡ್ಲಿ ಸರ್, ಆಮ್ಯಾಲ ಕಳಸ್ತೀನಿ, ಚಹಾಕ್ಕೇನ್ ನೋಡೂದೈತಿ ಮಾರಾಯಾ, ಕಳಸ್ — ಕಳಿಸಿದ, ಇಲ್ಲಿ ಎಲ್ಲ ಕಂಪ್ಯೂಟರ್ ಪರದೆಗಳೂ ಬೆಳ್ಳಗಾದವು.

ನಾನಿನ್ನೂ ಚಿಕ್ಕೋಡಿಯಲ್ಲೇ, ಫೋನಿನಲ್ಲಿ ಲ್ಯಾಬಿನ ರಾಜಮತಿ ಸಿಸ್ಟರ್ ಅಳುತ್ತಿದ್ದಾರೆ, ಮೇಡಮ್, ಬಾಣಂತೀದು ರಕ್ತ ನಿಲ್ಲವಲ್ದು, ಯಾವ ಚೀಲ ಹೊಂದತೈತಿ ಅಂತ ಮುಂಜಾನೆ ನೋಡಿಟ್ಟಿದ್ದು ಇದರಾಗ ಸಿಕ್ಕೊಂಡೈತಿ, ಲಗೂನ ತೆಗೀರಿ, ತೆಗೆಯುತ್ತಿದ್ದೇನೆ ಸಿಸ್ಟರ್, ಸುರಜ ಮಾಡಿದ್ದನ್ನು ಅಳಿಸುತ್ತೇನೆ, ಆದರೆ ಇಡೀ ಮುದ್ದೆ ಮೊದಲಿಂದ ಏಳಬೇಕು, ಚಹಾ ಏಳದೆ ರಕ್ತ ಏಳುವುದಿಲ್ಲ, ಏಳು, ಯಾ ಅಲ್ಲಾ, ಏಳು — ಅಲ್ಲಿ ಅವರು ರಕ್ತವನ್ನು ಹೊಸದಾಗಿ ಹೊಂದಿಸಿ ನೋಡತೊಡಗಿದ್ದರು, ಅದು ಮುಗಿಯುವಷ್ಟರಲ್ಲಿ, ಪರದೆ ಬರುವಷ್ಟರಲ್ಲಿ, ನೀಲಮ ಹೋಗಿದ್ದಳು, ಅದು ಅವಳ ಹೆಸರು, ರಾಯಬಾಗದವಳು, ಕೂಸು ಉಳಿದಿದೆ, ಹೆಣ್ಣು.

ಹೋಗಿ ಹೇಳಿ ಬರ್ರಿ, ನೆಟ್‌ವರ್ಕ್ ಹೋಗಿತ್ತು ಅನ್ರಿ, ನಮ್ಮ ತಪ್ಪು ಅಂತ ಮಾತ್ರ ಅನಬ್ಯಾಡ್ರಿ, ಸಂಗ್ರಾಮ ಸರ್ ಕಾರು ಕೊಟ್ಟು ಕಳಿಸಿದರು, ಸುರಜ ಮೇಜಿನ ಮೇಲಿಟ್ಟ ತಲೆ ಎತ್ತಲೇ ಇಲ್ಲ, ನಾನು ನೆಟ್‌ವರ್ಕ್ ಅನ್ನಲಿಲ್ಲ, ಡಾಕ್ಟರಿಗೆ ಎಲ್ಲಾ ಹೇಳಿದೆ, ಚಹಾದಿಂದ ಅಂದೆ, ಅವರು ನನ್ನ ಬಾಯಿಯನ್ನೇ ನೋಡಿದರು, ಹೇಳಿ ಏನಾಯಿತು, ಏನೂ ಆಗಲಿಲ್ಲ, ಕೌಂಟರಿನಲ್ಲಿ ಅದೇ ಮುದ್ದೆ ಓಡುತ್ತಿದೆ, ನಿಂತರೆ ಆಸ್ಪತ್ರೆಯೇ ನಿಲ್ಲುತ್ತದೆ, ಇನ್ನೊಬ್ಬ ಬಾಣಂತಿಯ ಹೆಸರನ್ನು ಅದರೊಳಗೇ ಹಾಕುತ್ತಿದ್ದಾರೆ, ಹೊರಬಂದರೆ ಬೆಂಚಿನ ಮೇಲೆ ನೀಲಮಳ ಗಂಡ, ಉತ್ತಮ ಅಂತ ಹೆಸರು, ನಂದ ತಗೋರಿ, ನನ್ನ ರಕ್ತ ತಗೋರಿ, ಎಂದು ಬೆಳಿಗ್ಗೆ ಅಂಗಿಯ ತೋಳು ಮಡಚಿ ಕೂತಿದ್ದನಂತೆ, ಇನ್ನೂ ಇಳಿಸಿಲ್ಲ, ಹೆಂಡತಿ ಹೋದದ್ದನ್ನು ಹೇಳಿದವರು ತೋಳು ಇಳಿಸೆಂದು ಹೇಳಿಲ್ಲ, ಇವನಿಗೂ ಹೇಳಬೇಕು, ಏನಂತ ಹೇಳಲಿ, ಚಹಾ ಅಂತಲೇ, ಅಣ್ಣಾರ, ಅಂದೆ, ಅವನು ನನ್ನನ್ನು ನೋಡಿದ, ಸೂಜಿ ಹಿಡಿದು ಬಂದವಳೆಂದುಕೊಂಡನೋ ಏನೋ, ತೋಳು ಚಾಚಿದ, ಮೊಣಕೈಯ ಒಳಗೆ ಉಬ್ಬಿದ ಹಸಿರು ನರ, ಮಡಚಿದ ಅಂಗಿ, ಚಾಚಿದ ತೋಳು, ನನ್ನತ್ತ, ಆ ತೋಳು, ತೋಳು —