ಮಗುಚಿ ಹಾಕಿದ ರೀಲು

“ಇದು ನಮ್ಮ ಬೀದಿಯೇ ಅಲ್ಲ,” ಅಂದಳು ಅಕ್ಕ. ಹಳೆಯ ಚಿತ್ರಗಳ ಸಂಗ್ರಹಾಲಯದ ಪರದೆಯ ಮೇಲೆ ಇನ್ನೂ ಖಾಲಿ ರಸ್ತೆಯಷ್ಟೇ ಕಾಣಿಸುತ್ತಿತ್ತು. “ನಮ್ಮ ಬೀದೀಲಿ ಬೇಕರಿ ಎಡಕ್ಕಿತ್ತು. ಇಲ್ನೋಡು, ಬಲಕ್ಕಿದೆ. ಬಸ್ ಚಾರ್ಜು ದಂಡ. ಏಳೋ ಅಳುಬುರುಕ.”

ಎಪ್ಪತ್ತು ದಾಟಿ ಮೊಮ್ಮಕ್ಕಳಾದರೂ ತಮ್ಮನಿಗೆ ಅಕ್ಕನ ಬಾಯಲ್ಲಿ ಬೇರೆ ಹೆಸರಿಲ್ಲ. ಅಮ್ಮ ಹೋದ ಮೇಲೆ ತಿಂಗಳುಗಟ್ಟಲೆ ಅತ್ತನಂತೆ. ಅವನಿಗದು ನೆನಪಿಲ್ಲ, ಅಮ್ಮನೂ ನೆನಪಿಲ್ಲ. ಮನೆ ಸುಟ್ಟಾಗ ಫೋಟೋಗಳೂ ಸುಟ್ಟುಹೋದವು. ಜೀವಮಾನವಿಡೀ ಕ್ಷೌರದಂಗಡಿ ನಡೆಸಿದವನು ಅವನು. ಗಿರಾಕಿ ಇಲ್ಲದಾಗ ಕನ್ನಡಿಯ ಮುಂದೆ ನಿಂತು, ಅಕ್ಕ ‘ಅಪ್ಪನದು’ ಎಂದಿದ್ದ ಮೂಗನ್ನು ಅಂಗೈಯಿಂದ ಮುಚ್ಚಿ, ಉಳಿದದ್ದರಲ್ಲಿ ಅಮ್ಮನನ್ನು ಹುಡುಕುತ್ತಿದ್ದ. ಸಿಗುತ್ತಿರಲಿಲ್ಲ. ಕುರ್ಚಿಯಲ್ಲಿ ರಂಪ ಮಾಡುವ ಮಕ್ಕಳ ಎದುರು ಕೆನ್ನೆ ಉಬ್ಬಿಸಿ, ಮೆಳ್ಳೆಗಣ್ಣು ಮಾಡಿ ನಗಿಸುವುದರಲ್ಲಿ ಮಾತ್ರ ಅವನದು ಎತ್ತಿದ ಕೈ.

“ಇಷ್ಟು ದೂರ ಬಂದಿದ್ದೀವಿ, ಪೂರ್ತಿ ನೋಡೋಣ ಅಕ್ಕ.”

“ಯಾರದೋ ಸಾವನ್ನ ಕೂತ್ಕೊಂಡು ನೋಡ್ಬೇಕಾ?” ಅಂದಳು. ಪರದೆಯತ್ತ ನೋಡದೆ ಕೈಚೀಲವನ್ನು ಎದೆಗೊತ್ತಿಕೊಂಡಳು. ಅಕ್ಕನಿಗೆ ಹೆದರಿಕೆ, ಅದಕ್ಕೇ ಈ ಜೋರು ಎಂದು ತಮ್ಮನಿಗೆ ಗೊತ್ತಾಯಿತು.

ಹೆದರಲು ಕಾರಣವಿತ್ತು. ಊರನ್ನು ಹಿಡಿದಿದ್ದ ಸೈನ್ಯ ತನ್ನ ಪ್ರತಾಪ ಮೆರೆಸಿಕೊಳ್ಳಲು ತಾನೇ ತೆಗೆಸಿದ್ದ ಚಿತ್ರ ಅದು. ಬೀದಿಯ ಜನರನ್ನೆಲ್ಲ ಹೊರಗೆಳೆದು, ಸಾಲು ಹಿಡಿಸಿ, ಕಲ್ಲುಕ್ವಾರಿಗೆ ನಡೆಸಿಕೊಂಡು ಹೋದ ಬೆಳಗ್ಗೆಯದು. ಹೋದವರು ಯಾರೂ ಹಿಂದಿರುಗಲಿಲ್ಲ. ಸೈನಿಕರ ಹೊಟ್ಟೆಗೆ ಬ್ರೆಡ್ ಬೇಕಿದ್ದರಿಂದ ಬೇಕರಿಯಮ್ಮನನ್ನಷ್ಟೇ ಬಿಟ್ಟಿದ್ದರು. ಅಕ್ಕ ಅವಳ ಹಿಟ್ಟಿನ ಮೂಟೆಗಳ ಹಿಂದೆ ಅಡಗಿ ಬದುಕಿದಳು. ಕೈಗೂಸಾಗಿದ್ದ ತಮ್ಮ ಬೇಕರಿಯಮ್ಮನ ಕೈಗೆ ಹೇಗೆ ಬಂದನೆಂಬುದನ್ನು, ಇಬ್ಬರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದ ಆ ಪುಣ್ಯಾತ್ಗಿತ್ತಿ ಸಾಯುವವರೆಗೂ ಬಾಯಿಬಿಡಲಿಲ್ಲ.

ರೀಲು ಓಡಿಸುತ್ತಿದ್ದ ಸಂಗ್ರಹಾಲಯದ ಹುಡುಗಿ ಯಂತ್ರ ನಿಲ್ಲಿಸಿದಳು. “ಅಜ್ಜಿ, ನಿಮ್ಮ ಬೀದೀಲಿ ನೀರಿನ ಪಂಪು ಯಾವ ಕಡೆ?”

“ಬಲಕ್ಕೆ.”

ಪರದೆಯಲ್ಲಿ ಪಂಪು ಎಡಕ್ಕಿತ್ತು. “ಮೆಟ್ಟಿಲಿರೋ ಮನೆ?”

“ಎಡಕ್ಕೆ. ಯಾಕೆ, ಪರೀಕ್ಷೆ ಮಾಡ್ತಿದ್ದೀಯಾ?”

ಮೆಟ್ಟಿಲ ಮನೆ ಬಲಕ್ಕಿತ್ತು. ಅಂಗಡಿಗಳ ಬೋರ್ಡುಗಳನ್ನು ಸೈನಿಕರು ಮೊದಲೇ ಕಿತ್ತಿದ್ದರಿಂದ ಓದಿ ತಿಳಿಯಲು ಒಂದಕ್ಷರವೂ ಇರಲಿಲ್ಲ. ರಸ್ತೆಯ ತುದಿಯಲ್ಲಿ ಆಗಷ್ಟೇ ಕಾಣಿಸಿಕೊಂಡಿದ್ದ ಸೈನಿಕರನ್ನು ಹುಡುಗಿ ನೋಡಿದಳು. ಎಲ್ಲರ ಬಂದೂಕೂ ಎಡ ಹೆಗಲ ಮೇಲೆ. “ಇಡೀ ಪಟಾಲಮ್ಮೇ ಎಡಚರಾ?” ಎಂದು ಗೊಣಗಿದವಳು ತಲೆ ಚಚ್ಚಿಕೊಂಡಳು. “ಅಯ್ಯೋ ನನ್ನ ಬುದ್ಧಿಗಿಷ್ಟು! ಫಿಲ್ಮಿಗೆ ಒಂದು ಮೈ ನುಣುಪು, ಇನ್ನೊಂದು ಮೈ ಮಂಕು. ಮಗುಚಿ ಹಾಕ್ಬಿಟ್ಟಿದ್ದೀನಿ ಅಜ್ಜಿ. ಎಲ್ಲ ಕನ್ನಡೀಲಿ ಕಂಡ ಹಾಗೆ ಕಾಣ್ತಿದೆ!”

ಸರಿಮಾಡಿ ಹಾಕಿದಾಗ ಬೇಕರಿ ಎಡಕ್ಕೆ ಬಂದು ಕೂತಿತು.

“ನಾನು ಹೇಳ್ಲಿಲ್ವಾ?” ಅಂದಳು ಅಕ್ಕ.

“ನಮ್ಮ ಬೀದಿಯೇ ಅಲ್ಲ ಅಂದೆ ನೀನು.”

“ಬೇಕರಿ ಎಡಕ್ಕೆ ಅಂದೆ. ಎಲ್ಲಿದೆ ಈಗ? ಬಾಯ್ಮುಚ್ಕೊಂಡು ನೋಡು.”

ಜನ ಬರತೊಡಗಿದರು. ಅಕ್ಕ ಹೆದರಿಕೆ ಮರೆತು ಮುಂದಕ್ಕೆ ಬಾಗಿದಳು. “ಅಗೋ ಮೇಷ್ಟ್ರು! ಕೊಡೆ ಹಿಡ್ಕೊಂಡೇ ಬಂದಿದ್ದಾರೆ ನೋಡು, ಮಳೆ ಇಲ್ಲ ಬಿಸಿಲಿಲ್ಲ! ಅವಳು ಬಟ್ಟೆ ಇಸ್ತ್ರಿ ಮಾಡೋಳು, ನಂಗೆ ಬಟಾಣಿ ಕೊಡ್ತಿದ್ಲು ಕಣೋ…” ಸತ್ತವರನ್ನೆಲ್ಲ ಮನೆಗೆ ಬಂದ ನೆಂಟರಂತೆ ಕರೆಯುತ್ತಿದ್ದವಳು ಥಟ್ಟನೆ ತಮ್ಮನ ಮೊಣಕೈ ಹಿಡಿದಳು.

“ಅಮ್ಮ,” ಅಂದಳು.

ತಮ್ಮ ನೋಡಿದ. ಎಷ್ಟು ಚಿಕ್ಕವಳು! ಅವನ ಮಗಳಿಗಿಂತ ಚಿಕ್ಕವಳು. ಕೆದರಿದ ಕೂದಲು, ಒಂದೇ ಕಾಲಲ್ಲಿ ಚಪ್ಪಲಿ, ಸೊಂಟದಲ್ಲಿ ಕೂಸು. ಕೂಸು ತುಟಿ ಸೊಟ್ಟ ಮಾಡಿ ಇನ್ನೇನು ಕಿರುಚಬೇಕು, ಆಗ ಅವಳು ಆ ಸಾಲಿನಲ್ಲಿ, ಆ ಬಂದೂಕುಗಳ ನಡುವೆ, ಎರಡೂ ಕೆನ್ನೆ ಉಬ್ಬಿಸಿ ಮೆಳ್ಳೆಗಣ್ಣು ಮಾಡಿದಳು. ಕೂಸು ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕಿತು. ಅಳು ಕೇಳಿದ್ದರೆ ತಿರುಗುತ್ತಿದ್ದ ಪಕ್ಕದ ಸೈನಿಕ ತಿರುಗಲಿಲ್ಲ. ಬೇಕರಿಯ ಬಾಗಿಲಿನಿಂದ ಎರಡು ಕೈ ಚಾಚಿಕೊಂಡವು. ಕೂಸು ನಗುನಗುತ್ತಲೇ ಆ ಕೈಗಳಿಗೆ ದಾಟಿ ಒಳಗೆ ಹೋಯಿತು. ಅವಳು ಖಾಲಿ ಕೈಯನ್ನು ಸೊಂಟದ ಮೇಲೆ ಹಾಗೇ ಇಟ್ಟುಕೊಂಡು ನಡೆದಳು. ಪರದೆ ಬೆಳ್ಳಗಾಯಿತು.

ಕೋಣೆಯಲ್ಲಿ ಒಂದು ನಗು ಕೇಳಿಸಿತು. ನಗುತ್ತಿರುವವನು ತಾನೇ ಎಂದು ತಮ್ಮನಿಗೆ ತಡವಾಗಿ ತಿಳಿಯಿತು. ಅಷ್ಟು ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದೆ ನಗುತ್ತಿದ್ದ. ಅಕ್ಕನೂ ನಗತೊಡಗಿದಳು.

“ಲೋ, ಆವತ್ತು ನೀನು ಅಳಲೇ ಇಲ್ಲ ಕಣೋ.”

“ಹೂಂ ಅಕ್ಕ.”

“ಇನ್ಮೇಲೆ ನಿನ್ನ ಏನಂತ ಕರೀಲೋ ನಾನು?”

ಅವನು ಹಿಂದಕ್ಕೆ ತಿರುಗಿ, “ಇನ್ನೊಂದ್ಸಲ ಹಾಕ್ತೀಯಾ ತಾಯಿ?” ಎಂದು ಹುಡುಗಿಯನ್ನು ಕೇಳಿದ.

ಹುಡುಗಿ ಮೂಗೊರೆಸಿಕೊಂಡು ರೀಲನ್ನು ಹಿಂದಕ್ಕೆ ಸುತ್ತಿದಳು. ಈ ಸಲ ನುಣುಪು ಮೈ ಯಾವುದೆಂದು ಬೆರಳಿನಿಂದ ಮುಟ್ಟಿ ನೋಡಿಯೇ ಹಾಕಿದಳು. ದೀಪ ಆರಿತು, ಖಾಲಿ ರಸ್ತೆ ಕಾಣಿಸಿತು. ಜನ ಬರುವುದಕ್ಕೆ ಇನ್ನೂ ಹೊತ್ತಿತ್ತು. ತಮ್ಮ ಮಾತ್ರ ಕುರ್ಚಿಯ ತುದಿಗೆ ಸರಿದು, ಎರಡೂ ಕೆನ್ನೆ ಉಬ್ಬಿಸಿಕೊಂಡು, ಮೆಳ್ಳೆಗಣ್ಣು ಮಾಡಿಕೊಂಡು ಆಗಲೇ ಕಾಯುತ್ತ ಕೂತಿದ್ದ.